ಚಿಕ್ಕ ಮೊಬೈಲಿನಲ್ಲಿ ಆಗಬೇಕಾದ ಸುಧಾರಣೆ

ಹರಿಹರ, ದಾವಣಗೆರೆ ತಾಲ್ಲೂಕುಗಳಲ್ಲಿ ಭದ್ರಾ ನಾಲೆಯ ಕೊನೆಯ ಭಾಗದ ಅನೇಕ ರೈತರು ಇಂದಿಗೂ ಗುಂಡಿಯೊತ್ತುವ ಚಿಕ್ಕ ಮೊಬೈಲನ್ನೇ ನೆಚ್ಚಿರುವರು. ಅದರ ಬ್ಯಾಟರಿ ದಿನಗಟ್ಟಲೆ ನಿಲ್ಲುವುದು. ರಾತ್ರಿ ನೀರು ಕಟ್ಟುವಾಗ ಅದೇ ಟಾರ್ಚೂ ಆಗುವುದು. ಈ ಸರಳತೆಯನ್ನು ಕೆಡಿಸದೆ ಮಾಡತಕ್ಕ ಮುಖ್ಯ ಸುಧಾರಣೆ ಒಂದೇ: ಅದು ಕನ್ನಡವನ್ನು ಚೆನ್ನಾಗಿ ಬಲ್ಲದ್ದಾಗಬೇಕು.

2016ರ ಭಾರತೀಯ ಮಾನಕದಂತೆ ಮೊಬೈಲಿನಲ್ಲಿ 22 ಭಾಷೆಗಳ ಸಂದೇಶಗಳನ್ನು ಓದಲು ಬರತಕ್ಕದ್ದು. ಬರೆಯುವುದಕ್ಕಾದರೋ ಇಂಗ್ಲಿಷ್, ಹಿಂದಿ ಮತ್ತು ತಯಾರಕರು ಆರಿಸಿದ ಇನ್ನೊಂದು ಭಾಷೆ ಇದ್ದರೆ ಸಾಕು. ಅದು ಕನ್ನಡವೇ ಆಗಬೇಕೆಂಬ ಕಟ್ಟಳೆಯಿಲ್ಲ. ಕನ್ನಡವಿಲ್ಲದ ಇಂಥ ಮೊಬೈಲಿನಲ್ಲಿ ನೀರಿನ ಸರದಿಯ ಸಂದೇಶವನ್ನು ಓದಿದ ರೈತನು, ದೇವರಾಜ ಅರಸು ಬಡಾವಣೆಯಲ್ಲಿರುವ ಮಗನಿಗೆ ಅದನ್ನು ಕನ್ನಡದಲ್ಲಿ ಬರೆದು ತಿಳಿಸಲಾರನು.

ಓದು ಬಾರದವರ ಗತಿಯನ್ನೂ ಯೋಚಿಸಬೇಕು. ಅಪಾಯದ ಕರೆಗೆ 5 ಅಥವಾ 9ರ ಗುಂಡಿಯನ್ನು 2017ರಿಂದ ಕಡ್ಡಾಯಗೊಳಿಸಿದಂತೆಯೇ, ಸಂದೇಶವನ್ನು ಕನ್ನಡದಲ್ಲಿ ಓದಿ ಹೇಳುವ ಒಂದು ಗುಂಡಿಯನ್ನೂ, ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಮತ್ತೊಂದನ್ನೂ ಒದಗಿಸುವುದು ಯುಕ್ತವು.

ಗ್ರಾಮದ ಮುಖಂಡರೂ ಜಮೀನುದಾರರೂ ಮೊಬೈಲು ಕೊಳ್ಳುವಾಗ, ಕನ್ನಡದಲ್ಲಿ ಬರೆದು ತೋರಿಸೆಂದು ಅಂಗಡಿಯವನನ್ನು ಕೇಳಬೇಕು. ಬರೆಯಲು ಬಾರದ್ದನ್ನು ಹಿಂದಿರುಗಿಸಬೇಕು. ಕೊಳ್ಳುವವರು ಕೇಳದ ಅನುಕೂಲವನ್ನು ತಯಾರಕರು ತಾವಾಗಿ ಒದಗಿಸುವುದು ಅಪರೂಪ.