ಇಲ್ಲದ ಪ್ಯಾರಾಚೂಟನ್ನು ತೊರೆದ ವೀರ

ನಮ್ಮ ವಿಭಾಗದ ಕಥಾಸ್ಪರ್ಧೆಗೆ ಈ ವರ್ಷ ಬಂದ ಹಸ್ತಪ್ರತಿಗಳಲ್ಲಿ ಒಂದು, ತೀರ್ಪುಗಾರರಾದ ನಮ್ಮಿಬ್ಬರ ನಡುವೆ ಇಡೀ ಸಂಜೆಯ ವಾದಕ್ಕೆ ಕಾರಣವಾಯಿತು. ಕಥಾನಾಯಕ ಇಂದ್ರಲಾಲ್ ರಾಯ್. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ವೈಮಾನಿಕನಾಗಿ ಹೋರಾಡಿ, 1918ರ ಜುಲೈ 22ರಂದು ಫ್ರಾನ್ಸಿನ ಕಾರ್ವಿನ್ ಬಳಿ ಮಡಿದ ಕಲ್ಕತ್ತೆಯ ತರುಣ. ಆಗ ಆತನಿಗೆ 19 ವರ್ಷ. ಕಥೆಯ ಭಾಷೆ ಸೊಗಸಾಗಿತ್ತು. ಕೊನೆಯ ದೃಶ್ಯದಲ್ಲಿ ನಾಯಕನ ಮುಖಕ್ಕೆ ಎಂಜಿನ್ನಿನಿಂದ ಹರಳೆಣ್ಣೆ ಸಿಡಿಯುತ್ತದೆ. ಬೆನ್ನ ಹಿಂದೆ ಬರುವ ಶತ್ರುವಿಮಾನದ ಸದ್ದನ್ನು ಆಲಿಸಿ ಆತ ತಟ್ಟನೆ ತಿರುಗುತ್ತಾನೆ. ವಿಮಾನಕ್ಕೆ ಬೆಂಕಿ ಹತ್ತಿದಾಗ ಪ್ಯಾರಾಚೂಟನ್ನು ಕಳಚಿ ಎಸೆದು, ತನ್ನ ವಿಮಾನದೊಡನೆಯೇ ಸಾಯಲು ನಿಶ್ಚಯಿಸುತ್ತಾನೆ.

"ಕಥೆಯಲ್ಲಿ ನೋಡಬೇಕಾದದ್ದು ಭಾವವನ್ನು, ಎಂಜಿನ್ನನ್ನಲ್ಲ" ಎಂದರು ನನ್ನ ಜೊತೆಯ ತೀರ್ಪುಗಾರರು. ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ.

ಮೊದಲು ಹರಳೆಣ್ಣೆಯ ಮಾತು. ಆ ಕಾಲದ ಹಲವು ಯುದ್ಧವಿಮಾನಗಳಲ್ಲಿ ಎಂಜಿನ್ನೇ ಪ್ರೊಪೆಲ್ಲರಿನೊಡನೆ ಗರಗರನೆ ಸುತ್ತುತ್ತಿತ್ತು. ಅದಕ್ಕೆ ಹರಳೆಣ್ಣೆಯೇ ಬೇಕು, ಏಕೆಂದರೆ ಅದು ಪೆಟ್ರೋಲಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಕಿದ ಎಣ್ಣೆ ಒಳಗೆ ಉಳಿಯದೆ ಹೊಗೆಯೊಡನೆ ಹೊರಗೆ ಎರಚುತ್ತಿತ್ತು. ವೈಮಾನಿಕನ ಮುಖ, ಅಂಗಿ, ಕನ್ನಡಕಗಳೆಲ್ಲ ಜಿಡ್ಡು. ಸಾಪ್‌ವಿತ್ ಕ್ಯಾಮೆಲ್ ಅಂಥ ವಿಮಾನ. ಸುತ್ತುವ ಎಂಜಿನ್ನಿನ ಸೆಳೆತದಿಂದ ಅದು ಬಲಕ್ಕೆ ಮಿಂಚಿನಂತೆ ಹೊರಳುತ್ತಿತ್ತು. ಆ ಗುಣವೇ ಎಷ್ಟೋ ಮಂದಿ ಹೊಸಬರನ್ನು ಕಲಿಕೆಯ ದಿನಗಳಲ್ಲೇ ಬಲಿ ತೆಗೆದುಕೊಂಡಿತು. 1917ರಲ್ಲಿ ಫ್ರಾನ್ಸಿನ ಮೇಲೆ ಕ್ಯಾಮೆಲ್ ಹಾರಿಸಿದ ಇನ್ನೊಬ್ಬ ಭಾರತೀಯರು ಹರ್ದಿತ್ ಸಿಂಗ್ ಮಲಿಕ್. ಅವರ ಕಥೆಯಲ್ಲಿ ಹರಳೆಣ್ಣೆ ಸಿಡಿಯಲಿ, ಅದು ನ್ಯಾಯ. ರಾಯ್ ಹಾರಿಸಿದ್ದಾದರೋ ಎಸ್.ಇ.5ಎ. ಅದರದು ನೀರಿನಿಂದ ತಣಿಯುವ, ನಿಂತಲ್ಲೇ ನಿಲ್ಲುವ ಎಂಜಿನ್. ಎಣ್ಣೆ ಒಳಗೊಳಗೇ ಸುತ್ತುತ್ತದೆ. ನಮ್ಮ ಕಥೆಗಾರ್ತಿ ಮಲಿಕರ ಜಿಡ್ಡನ್ನು ರಾಯನ ಮುಖಕ್ಕೆ ಬಳಿದಿದ್ದಾಳೆ.

ಇದು ಸಣ್ಣ ತಪ್ಪು. ತಿದ್ದಿದರೆ ಒಂದು ವಾಕ್ಯ ಹೋಗುತ್ತದೆ, ಅಷ್ಟೆ. ಸದ್ದಿನ ವಿಷಯ ಹಾಗಲ್ಲ. ತೆರೆದ ಆಸನದಲ್ಲಿ, ಇನ್ನೂರು ಅಶ್ವಶಕ್ತಿಯ ಎಂಜಿನ್ನಿನ ಹಿಂದೆ ಕುಳಿತವನಿಗೆ ಶತ್ರುವಿನ ಎಂಜಿನ್ ಕೇಳಿಸದು. ಗುಂಡು ರೆಕ್ಕೆಯ ಬಟ್ಟೆಯನ್ನು ಹರಿದಾಗಲೇ ಬೆನ್ನಿಗೆ ಯಾರೋ ಇದ್ದಾರೆಂಬ ಅರಿವು. ಆದ್ದರಿಂದಲೇ ಆ ಜನ ಕ್ಷಣಕ್ಷಣಕ್ಕೂ ಕತ್ತು ಹೊರಳಿಸಿ ಆಕಾಶವನ್ನು ಹುಡುಕುತ್ತಿದ್ದರು. ಕಿವಿಯನ್ನು ಕೊಟ್ಟ ಕಥೆ ಆ ಕತ್ತಿನ ನೋವನ್ನು, ಕಣ್ಣಿನ ದಣಿವನ್ನು, ಕಾಣದವನ ಭಯವನ್ನು ಒಟ್ಟಿಗೆ ಕಳೆದುಕೊಂಡಿತು.

ನನ್ನ ನಿಜವಾದ ತಕರಾರು ಪ್ಯಾರಾಚೂಟಿನದು. ಯುದ್ಧ ಮುಗಿಯುವವರೆಗೂ ಬ್ರಿಟಿಷ್ ಯುದ್ಧವಿಮಾನಗಳ ವೈಮಾನಿಕರಿಗೆ ಪ್ಯಾರಾಚೂಟ್ ಕೊಡಲೇ ಇಲ್ಲ. ಕಾವಲಿನ ಬಲೂನಿನಲ್ಲಿ ಕುಳಿತವರಿಗೆ ಇತ್ತು. 1918ರಲ್ಲಿ ಜರ್ಮನ್ ವೈಮಾನಿಕರಿಗೂ ಬಂತು. ಇವರಿಗೆ ಮಾತ್ರ ಇಲ್ಲ. ಬೆಂಕಿ ಹತ್ತಿದರೆ ಎರಡೇ ದಾರಿ: ಕುಳಿತು ಬೇಯುವುದು, ಇಲ್ಲವೇ ಬರಿಗೈಯಲ್ಲಿ ಧುಮುಕುವುದು. ರಾಯನ ವಿಮಾನ ಉರಿಯುತ್ತ ಬಿದ್ದದ್ದು ದಾಖಲೆಯಲ್ಲಿದೆ. ಆ ಹುಡುಗನಿಗೆ ಇಲ್ಲದ ಆಯ್ಕೆಯೊಂದನ್ನು ಕಥೆ ಕೊಟ್ಟಿತು. ಬಳಿಕ ಆ ಆಯ್ಕೆಯನ್ನು ನಿರಾಕರಿಸಿದ್ದಕ್ಕೆ ಆತನನ್ನು ವೀರನೆಂದು ಹೊಗಳಿತು. ಪ್ಯಾರಾಚೂಟ್ ಕೊಡದೆ ಕಳುಹಿಸಿದವರ ಹೊಣೆ ಸದ್ದಿಲ್ಲದೆ ಅಳಿಸಿಹೋಯಿತು. ಇದನ್ನು ತಾಂತ್ರಿಕ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಸತ್ತವನೊಬ್ಬನ ಬಗೆಗೆ ಹೇಳಿದ ಸುಳ್ಳು ಅದು.

ನಮ್ಮ ಐತಿಹಾಸಿಕ ಕಾದಂಬರಿಗಳನ್ನು ಓದುವಾಗ ನಾವು ಇಷ್ಟು ಉದಾರಿಗಳಲ್ಲ. ಹದಿನಾಲ್ಕನೆಯ ಶತಮಾನದ ಅಡುಗೆಮನೆಗೆ ಮೆಣಸಿನಕಾಯಿ ಬಂದರೆ ಪುಸ್ತಕವನ್ನು ಮಡಚಿಡುತ್ತೇವೆ. ಯಂತ್ರವೆಂದೊಡನೆ ಮಾತ್ರ ಕ್ಷಮೆ. ಒಂದು ಸಂದೇಹ ನನಗೆ: ಪುಷ್ಪಕದಿಂದ ಬಂದ 'ವಿಮಾನ'ವೆಂಬ ನಮ್ಮ ಪದವೇ ಇದಕ್ಕೆ ಕಾರಣವಿರಬಹುದೇ? ಪುಷ್ಪಕಕ್ಕೆ ಎಣ್ಣೆ ಬೇಡ, ಇಳಿಯಲು ಬಯಲು ಬೇಡ. ನೆನೆದರೆ ಸಾಕು, ಹಾರುತ್ತದೆ.

ವಿವರವು ಬರಹಗಾರನಿಗೆ ಕಾಟವಲ್ಲ, ಕೊಡುಗೆ. ನಮ್ಮ ನೆಲಕ್ಕೇ ತಾಗುವ ಒಂದು ಉದಾಹರಣೆ ಹೇಳುತ್ತೇನೆ. ಕಲಬುರಗಿ, ಬೀದರ್, ರಾಯಚೂರುಗಳೂ ಗಡಿಯ ಈಚೆಗಿರುವ ನಾರಾಯಣಪೇಟೆ, ಜಹೀರಾಬಾದ್ ಕಡೆಯ ನಮ್ಮ ಕನ್ನಡದ ಮನೆಗಳೂ ಅಂದು ಒಂದೇ ನಿಜಾಮ ರಾಜ್ಯದಲ್ಲಿದ್ದವು. 1918ರಲ್ಲಿ ಬ್ರಿಟಿಷರ 110ನೆಯ ವಾಯುದಳಕ್ಕೆ ವಿಮಾನಗಳು ನಿಜಾಮರ ಕಾಣಿಕೆಯಾಗಿ ಬಂದವು. ದಳಕ್ಕೆ ಹೈದರಾಬಾದಿನ ಹೆಸರೇ ನಿಂತಿತು. ನಮ್ಮ ಹಿರಿಯರ ಕಂದಾಯವೂ ಆ ರೆಕ್ಕೆಗಳಲ್ಲಿ ಸೇರಿತ್ತೆಂದು ಕಾದಂಬರಿಕಾರ ಕಲ್ಪಿಸಿದರೆ ಅದು ಅತಿಯಲ್ಲ. ಆ ವಿಮಾನ ಡಿಎಚ್-9ಎ, ಇಬ್ಬರು ಕೂರುವ ಬಾಂಬರು. ಅದಕ್ಕೆ ಹಿಂದಿನ ಡಿಎಚ್-4ರಲ್ಲಿ ವೈಮಾನಿಕನಿಗೂ ಹಿಂದಿನ ವೀಕ್ಷಕನಿಗೂ ನಡುವೆ ಪೆಟ್ರೋಲ್ ತೊಟ್ಟಿ. ಹೋರಾಟದ ಗದ್ದಲದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವುದೇ ಕಷ್ಟ. 9ಎಯಲ್ಲಿ ತೊಟ್ಟಿ ಮುಂದಕ್ಕೆ ಹೋಗಿ, ಇಬ್ಬರೂ ಬೆನ್ನಿಗೆ ಬೆನ್ನು ತಾಗುವಷ್ಟು ಹತ್ತಿರವಾದರು. ಕೂಗಿದರೆ ಕೇಳುತ್ತದೆ, ಭುಜ ತಟ್ಟಬಹುದು. ಸಾಯುತ್ತಿರುವ ವೀಕ್ಷಕ ಕೊನೆಯ ಮಾತನ್ನು ಹೇಳಬಲ್ಲನೇ, ಗೆಳೆಯ ಸತ್ತದ್ದು ನೆಲಕ್ಕಿಳಿದ ಮೇಲಷ್ಟೇ ವೈಮಾನಿಕನಿಗೆ ತಿಳಿಯುವುದೇ? ಇದನ್ನು ತೊಟ್ಟಿಯ ಜಾಗ ತೀರ್ಮಾನಿಸುತ್ತದೆ. ಯಾವ ವಿಮಾನವೆಂದು ತಿಳಿಯದೆ ಸಂಭಾಷಣೆಯ ಒಂದು ಸಾಲನ್ನೂ ಬರೆಯಲಾಗದು.

ಇದರರ್ಥ ಪುಟದ ತುಂಬ ಅಶ್ವಶಕ್ತಿಯ ಲೆಕ್ಕ ಸುರಿಯಬೇಕೆಂದಲ್ಲ. ಅಂಥ ಕಾದಂಬರಿಗಳೂ ಇವೆ, ಓದಿ ಬೇಸತ್ತಿದ್ದೇನೆ. ಕ್ಯಾಮೆಲ್ ಹಾರಿಸಿದ್ದ ವಿ. ಎಂ. ಯೇಟ್ಸ್ 1934ರಲ್ಲಿ ಪ್ರಕಟಿಸಿದ 'ವಿಂಗ್ಡ್ ವಿಕ್ಟರಿ'ಯಲ್ಲಿ ಯಂತ್ರದ ವಿವರ ಬಹಳವಿದೆ, ಆದರೆ ಅದು ದಣಿದ ಮನುಷ್ಯನೊಬ್ಬನ ಕೈಯಲ್ಲಿ ನಡುಗುತ್ತಿರುವ ಯಂತ್ರ. ಗ್ರಂಥಾಲಯದವರು ತರಿಸಿಕೊಟ್ಟರೆ ಓದಿ.

ಆ ಕಥೆಗೆ ಎರಡನೆಯ ಬಹುಮಾನ ಬಂತು. ಭಾಷೆಗಾಗಿ ನಾನೇ ಪಟ್ಟು ಸಡಿಲಿಸಿದೆ. ಮರುದಿನ ಬರೆದವಳು ಬಂದು, "ಸರ್, ಪ್ಯಾರಾಚೂಟ್ ಇಲ್ಲದಿದ್ದರೆ ಕೊನೆಯ ಪುಟದಲ್ಲಿ ಅವನು ಏನು ಮಾಡುತ್ತಾನೆ?" ಎಂದು ಕೇಳಿದಳು. ನನಗೂ ಉತ್ತರ ಹೊಳೆಯಲಿಲ್ಲ. ಹಸ್ತಪ್ರತಿಯನ್ನು ಹಿಂದಕ್ಕೆ ಕೊಟ್ಟಿದ್ದೇನೆ; ಕೊನೆಯ ಪುಟವನ್ನು ಹರಿದು ತನ್ನ ಬಳಿಯೇ ಇಟ್ಟುಕೊಂಡಿದ್ದಾಳಂತೆ.