ಅಟ್ಟದಿಂದ ಹೊರಟ ಪತ್ರಗಳು

ಹ್ಯಾರಿಯಟ್ ಜೇಕಬ್ಸ್ ಹೆಸರು ಬರುವ ಸೆಮಿನಾರುಗಳಲ್ಲಿ ನಾನು ಒಂದು ಪದಕ್ಕಾಗಿ ಕಾಯುತ್ತ ಕೂತಿರುತ್ತೇನೆ. ಬಂದೇ ಬರುತ್ತದೆ: ತ್ಯಾಗ. ಮಕ್ಕಳಿಗಾಗಿ ಏಳು ವರ್ಷ ಅಟ್ಟದಲ್ಲಿ ಅಡಗಿದ್ದ ತ್ಯಾಗಮಯಿ ತಾಯಿ. ಸಭೆ ತಲೆದೂಗುತ್ತದೆ. ನನ್ನ ತಕರಾರು ಈ ಪದದ ಮೇಲೆಯೇ.

ಅಟ್ಟವಿದ್ದದ್ದು ಅಮೆರಿಕದ ನಾರ್ತ್ ಕೆರೊಲಿನಾದ ಈಡನ್‌ಟನ್‌ನಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾಗಿದ್ದ ಅಜ್ಜಿಯ ಮನೆಯಲ್ಲಿ. 9 ಅಡಿ ಉದ್ದ, 7 ಅಡಿ ಅಗಲ, ಅತಿ ಎತ್ತರವೆಂದರೆ 3 ಅಡಿ. 1835ರಲ್ಲಿ ಒಳಸೇರಿದ ಆಕೆ ಉತ್ತರಕ್ಕೆ ಹಡಗು ಹತ್ತಿದ್ದು 1842ರಲ್ಲಿ. ಬೈರಿಗೆಯಿಂದ ಕೊರೆದ ಕಿಂಡಿಯಲ್ಲಿ ಬೀದಿಯೂ ತನ್ನ ಮಕ್ಕಳೂ ಕಾಣುತ್ತಿದ್ದರು. ಅಮ್ಮ ತಲೆಯ ಮೇಲೇ ಇದ್ದಾಳೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಕಣ್ಣೀರು ಗ್ಯಾರಂಟಿ. ಆದರೆ ಆಕೆ ಓಡಿದ್ದೇಕೆ? ತಂದೆ ಯಾರೇ ಇರಲಿ, ಮಗುವಿಗೆ ತಾಯಿಯ ಸ್ಥಿತಿಯೇ ಎಂದು ವರ್ಜೀನಿಯಾ 1662ರಲ್ಲೇ ಕಾನೂನು ಮಾಡಿತ್ತು. ದಕ್ಷಿಣದಲ್ಲೆಲ್ಲ ಅದೇ ನಡೆಯಿತು. ಅಂದರೆ ಗುಲಾಮ ಹೆಣ್ಣಿನ ತಾಯ್ತನ ಒಡೆಯನ ಆಸ್ತಿಗೆ ಬಡ್ಡಿ. ಡಾಕ್ಟರ್ ಜೇಮ್ಸ್ ನಾರ್ಕಮ್ ಹದಿಹರೆಯದಿಂದಲೇ ಆಕೆಯ ಬೆನ್ನುಬಿದ್ದಿದ್ದ. ಅವನಿಂದ ತಪ್ಪಿಸಿಕೊಳ್ಳಲು ಆಕೆ ಸ್ಯಾಮ್ಯುಯೆಲ್ ಸಾಯರ್ ಎಂಬ ಬಿಳಿಯ ವಕೀಲನ ಸಂಗ ಆರಿಸಿಕೊಂಡಳು. ಹುಟ್ಟುವ ಮಕ್ಕಳನ್ನು ಅವನು ಕೊಂಡು ಬಿಡಿಸಿಯಾನು ಎಂಬ ಲೆಕ್ಕವೂ ಅದರಲ್ಲಿತ್ತು. ಇಬ್ಬರು ಹುಟ್ಟಿದರು. ಅವರನ್ನು ತೋಟದ ದುಡಿಮೆಗೆ ಹಚ್ಚುತ್ತಾರೆಂದು ಗೊತ್ತಾದಾಗ ಇನ್ನೊಂದು ಲೆಕ್ಕ: ತಾಯಿಯೇ ಮಾಯವಾದರೆ ಈ ಮಕ್ಕಳು ನಾರ್ಕಮ್‌ಗೆ ತಲೆನೋವು, ಮಾರಿಬಿಡುತ್ತಾನೆ. ಮಾರಿದ. ಕೊಂಡ ವ್ಯಾಪಾರಿಯ ಹಿಂದಿದ್ದವನು ಸಾಯರ್.

ಹೀಗೆ ಓಡಬೇಡವೆಂದು ತಡೆದವಳು ಆಕೆಯ ಅಜ್ಜಿಯೇ. ಮಕ್ಕಳನ್ನು ಬಿಟ್ಟುಹೋದ ತಾಯಿಗೆ ಮರ್ಯಾದೆಯಿಲ್ಲ ಎಂಬುದು ಆ ಮುದುಕಿಯ ವಾದ. ಪ್ರೀತಿಯಿಂದಲೇ ಹೇಳಿದ್ದು, ನಿಜ. ಆದರೂ ನಾವು ವೇದಿಕೆಯ ಮೇಲೆ ಹಾಡುವ ತಾಯ್ತನದ ಮಹಿಮೆ ಆ ಮನೆಯೊಳಗೆ ಇನ್ನೊಂದು ಸಂಕೋಲೆಯಾಗಿತ್ತು. ಜೇಕಬ್ಸ್ ಅದನ್ನೂ ದಾಟಬೇಕಿತ್ತು.

ಇನ್ನು ಪತ್ರಗಳು. ಆಕೆ ನ್ಯೂಯಾರ್ಕಿನ ಪತ್ರಿಕೆಯೊಂದನ್ನು ತರಿಸಿ, ಬೀದಿಗಳ ಹೆಸರು ನೋಡಿಕೊಂಡು, ಅಲ್ಲಿಂದಲೇ ಬರೆದಂತೆ ನಾರ್ಕಮ್‌ಗೂ ಅಜ್ಜಿಗೂ ಪತ್ರ ಬರೆದಳು. ನಂಬಿಕಸ್ಥರ ಕೈಯಲ್ಲಿ ಕಳಿಸಿ ಉತ್ತರದಲ್ಲಿ ಅಂಚೆಗೆ ಹಾಕಿಸಿದಳು. ಅಜ್ಜಿಯ ಪತ್ರವನ್ನು ನಾರ್ಕಮ್ ಬಚ್ಚಿಟ್ಟು, ತಾನೇ ಇನ್ನೊಂದು ಬರೆದು, ಬಂದು ಗಂಭೀರವಾಗಿ ಓದಿ ಹೇಳಿದ. ಆಕೆ ಪಕ್ಕದಲ್ಲೇ ಅವಿತು ಕೇಳಿಸಿಕೊಂಡಳು! ಸೆಮಿನಾರುಗಳಲ್ಲಿ ಈ ಪ್ರಸಂಗ ನಾನು ಒಮ್ಮೆಯೂ ಕೇಳಿಲ್ಲ.

ಕೊಟ್ಟ ಮಾತಿಗೆ ಕರುವನ್ನು ಬಿಟ್ಟು ಹುಲಿಯ ಬಳಿಗೆ ಮರಳುವ ಪುಣ್ಯಕೋಟಿಯನ್ನು ಬಾಯಿಪಾಠ ಮಾಡಿ ಬೆಳೆದವರು ನಾವು. ಜೇಕಬ್ಸ್ ಹುಲಿಗೆ ಸುಳ್ಳು ಹೇಳಿದಳು, ಅದೂ ಅಂಚೆ ಮೂಲಕ. ನಮ್ಮ ಹೊಗಳಿಕೆಯ ಅಚ್ಚಿಗೆ ಆಕೆ ಒಗ್ಗಬೇಕಾದರೆ ಆ ಪತ್ರಗಳನ್ನು ಕೈಬಿಡಬೇಕು. ಕೈಬಿಡುತ್ತೇವೆ.

1861ರಲ್ಲಿ ‘ಲಿಂಡಾ ಬ್ರೆಂಟ್’ ಎಂಬ ಹೆಸರಿನ ಮರೆಯಲ್ಲಿ ಆಕೆಯ ಆತ್ಮಕಥೆ ಬಂತು. ಸ್ವತಃ ಬರೆದದ್ದೆಂದು ಮುಖಪುಟದಲ್ಲೇ ಅಚ್ಚಾಗಿತ್ತು. ಆದರೂ ಸಂಪಾದಕಿ ಲಿಡಿಯಾ ಮರಿಯಾ ಚೈಲ್ಡ್ ಕಟ್ಟಿದ ಕಾದಂಬರಿ ಇದೆಂದು 20ನೇ ಶತಮಾನದ ವಿದ್ವಾಂಸರು ಬಗೆದರು. ಗುಲಾಮಗಿರಿಯ ಇತಿಹಾಸದಲ್ಲಿ ದೊಡ್ಡ ಹೆಸರಾದ ಜಾನ್ ಬ್ಲಾಸಿಂಗೇಮ್‌ಗೂ ಅದು ತೀರಾ ನಾಟಕೀಯವೆನಿಸಿತ್ತು. ಜೀನ್ ಫೇಗನ್ ಯೆಲಿನ್ ವರ್ಷಗಟ್ಟಲೆ ದಾಖಲೆ ಜಾಲಾಡಿ 1987ರ ಆವೃತ್ತಿ ತಂದ ಮೇಲೆ ಆ ಅನುಮಾನ ನಿಂತಿತು. ಇಂಥ ಹೆಣ್ಣು ಇಷ್ಟು ಯೋಚಿಸಬಲ್ಲಳೇ, ಬರೆಯಬಲ್ಲಳೇ ಎಂದು ಶಂಕಿಸಿದ ವಿದ್ವತ್ತಿಗೂ, ತ್ಯಾಗಮಯಿ ಎಂದು ಕೈಮುಗಿಯುವ ನಮ್ಮ ಸೆಮಿನಾರಿಗೂ ನನಗೆ ದೊಡ್ಡ ವ್ಯತ್ಯಾಸ ಕಾಣುತ್ತಿಲ್ಲ. ಇಬ್ಬರಿಗೂ ಆಕೆಯ ತಲೆ ಬೇಡ.

ಓಡಿಹೋದ ಗುಲಾಮರನ್ನು ಹಿಡಿದು ಒಪ್ಪಿಸುವ 1850ರ ಕಾಯಿದೆಯಿಂದಾಗಿ ಉತ್ತರದಲ್ಲೂ ಆಕೆಗೆ ನೆಮ್ಮದಿಯಿರಲಿಲ್ಲ. 1852ರಲ್ಲಿ, ಆಕೆ ಕೆಲಸಕ್ಕಿದ್ದ ಮನೆಯೊಡತಿ ಕಾರ್ನೀಲಿಯಾ ವಿಲ್ಲಿಸ್ ನಾರ್ಕಮ್‌ನ ಅಳಿಯನಿಗೆ 300 ಡಾಲರ್ ಕೊಟ್ಟು ಬಿಡಿಸಿದಳು. ತನ್ನನ್ನು ಕೊಳ್ಳುವುದು ಬೇಡವೆಂದು ಜೇಕಬ್ಸ್ ಮೊದಲೇ ಹೇಳಿದ್ದಳು. ಗೆಳತಿಯ ಉಪಕಾರವನ್ನು ಆಕೆ ಮರೆಯಲಿಲ್ಲ. ಆದರೆ ತಮ್ಮದಲ್ಲದ್ದಕ್ಕೆ ಆ ಮನೆಯವರು ದುಡ್ಡು ಎಣಿಸಿಕೊಂಡರೆಂಬ ಸಿಟ್ಟು ಪುಸ್ತಕದ ಕೊನೆಯ ಪುಟಗಳಲ್ಲೂ ಆರಿಲ್ಲ.