ಲೆಕ್ಕ ತಪ್ಪಿದರೆ ಆಟ ಬಂದ್!

ಮೊನ್ನೆ ರಾರಾವಿಗೆ, ಅಕ್ಕನ ಮನೆಗೆ ಹೋಗಿದ್ದೆ. ನಾಲ್ಕನೇ ಕ್ಲಾಸಿನ ಅಕ್ಕನ ಮಗಳು ಮುಖ ಊದಿಸಿಕೊಂಡು ಕಟ್ಟೆ ಮೇಲೆ ಕೂತಿದ್ದಳು. ಏನಾಯ್ತೇ ಅಂದರೆ, "ಕಳೆಯೋ ಲೆಕ್ಕ ತಪ್ಪಿದೋರ್ನ ಆಟಕ್ಕ ಬಿಡಲ್ಲ ಮಾಮಾ, ಒಳಗೇ ಕುಂದ್ರಬೇಕು" ಅಂದಳು. ವಾರದಿಂದ ಹೀಗೇ ಅಂತೆ.

ಅಲ್ಲ ಸ್ವಾಮಿ, ಲೆಕ್ಕ ಬರದ ಮಗುವಿಗೇ ಅಲ್ಲವೇ ಆಟ ಹೆಚ್ಚು ಬೇಕಾಗಿರೋದು?

2009ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹಿಲ್ಮನ್ ತಂಡ 20 ಮಕ್ಕಳನ್ನು 20 ನಿಮಿಷ ಟ್ರೆಡ್‌ಮಿಲ್ ಮೇಲೆ ನಡೆಸಿ ಪರೀಕ್ಷೆ ಕೊಟ್ಟಿತು. ಸುಮ್ಮನೆ ಕೂತಿದ್ದ ದಿನಕ್ಕಿಂತ ನಡೆದ ದಿನ ಗಮನ ಚುರುಕಾಗಿತ್ತು, ಓದಿ ಅರ್ಥಮಾಡಿಕೊಳ್ಳುವುದೂ ಚೆನ್ನಾಗಿತ್ತು. ಚಿಕ್ಕ ಪ್ರಯೋಗ, ಒಪ್ಪಿದೆ. ಕುಣಿದವರೆಲ್ಲ ರಾಮಾನುಜನ್ ಆಗ್ತಾರೆ ಅಂತ ನಾನೂ ಹೇಳ್ತಿಲ್ಲ. ಆದರೆ ಕೂಡಿಹಾಕಿದರೆ ಲೆಕ್ಕ ಬರುತ್ತೆ ಅನ್ನೋದಕ್ಕೆ ಯಾವ ಪ್ರಯೋಗ ಇದೆ, ತೋರಿಸಿ ನೋಡೋಣ!

ನಮಗೇನು ಇದು ಹೊಸದೇ? 1995ರಲ್ಲಿ ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಹಾಡು, ಕುಣಿತ, ಆಟ, ಎಲ್ಲದರಲ್ಲೂ ಪಾಠ. ಆದರೆ ಅದು ಮೂರನೇ ಕ್ಲಾಸಿಗೇ ಮುಗಿಯಿತು. ನಾಲ್ಕಕ್ಕೆ ಬಂದ ಕೂಡಲೇ ಮಗುವಿನ ಕೈಕಾಲು ಮಾಯವಾಗುತ್ತಾ?

"ಹಳ್ಳಿ ಹುಡುಗ್ರು ಹೆಂಗೂ ಹಗರಿ ದಂಡ್ಯಾಗ ಓಡಾಡ್ಕಂಡಿರ್ತಾವ ಬಿಡು" ಅಂದರು ಭಾವ. ಗಂಡು ಹುಡುಗರು ಓಡಾಡಬಹುದು. ಹುಡುಗಿ ಮನೆಗೆ ಬಂದರೆ ಕಸ, ಮುಸುರೆ, ತಮ್ಮನ್ನ ಎತ್ತಿಕೊಳ್ಳೋದು. ಅವಳಿಗೆ ಓಡೋಕೆ ಇರೋದು ಶಾಲೆಯ ಬಯಲೊಂದೇ, ಅದನ್ನೂ ಕಿತ್ತುಕೊಂಡರೆ ಅಂದೆ. ಭಾವ ಮಾತಾಡಲಿಲ್ಲ. ಒಳಗಿಂದ ಅಕ್ಕ ಕೆಮ್ಮಿದಳು.

(ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ 'ಮಿಡ್ ಬ್ರೈನ್' ಕ್ಲಾಸಿಗೆ ಸಾವಿರಗಟ್ಟಲೆ ಸುರಿಯುವವರೂ ನಾವೇ. ಕುಂಟೆಬಿಲ್ಲೆಗೆ ಒಂದು ತುಂಡು ಬಳಪ ಸಾಕು.)

ಸಂಜೆ ಅಂಗಳದಲ್ಲಿ 1ರಿಂದ 20ರವರೆಗೆ ಮನೆ ಬರೆದೆ. 20ರಲ್ಲಿ ನಿಂತು ಏಳು ಹಿಂದಕ್ಕೆ ಕುಪ್ಪಳಿಸು ಅಂದೆ. 14ಕ್ಕೆ ಬಂದು ನಿಂತಳು. ನಿಂತಿದ್ದ ಮನೆಯನ್ನೂ ಒಂದು ಅಂತ ಎಣಿಸಿದ್ದಳು! ಅವಳ ಲೆಕ್ಕ ಎಲ್ಲಿ ತಪ್ಪುತ್ತಿದೆ ಅಂತ ನನಗೆ ಗೊತ್ತಾಗಿದ್ದೇ ಆಗ. ವಾರವಿಡೀ ಒಳಗೆ ಕೂರಿಸಿದವರಿಗೆ ಇದು ಕಂಡಿರಲಿಲ್ಲ. ಎರಡನೇ ಸಲ ತಾನೇ "ಅಯ್ಯ" ಅಂದು 13ಕ್ಕೆ ಹೋದಳು.

ಸೋಮವಾರ ಶಾಲೆಗೆ ಹೋಗಿ ಮೇಷ್ಟ್ರ ಹತ್ತಿರ ಮಾತಾಡು ಅಂತ ಅಕ್ಕನಿಗೆ ಹೇಳಿ ಬಂದಿದ್ದೀನಿ. ನಿಮ್ಮ ಕಡೆಯ ಶಾಲೆಗಳಲ್ಲೂ ಹೀಗೇನಾ? ಬರೀರಿ.